ಹಂಪಿಯ ದೊಡ್ಡ ಕಲ್ಲುಗಳನ್ನು ಓದುವುದು ಹೇಗೆ

ಹಂಪಿ ನೋಡಲು ಬಂದವರೆಲ್ಲ ಒಂದಲ್ಲ ಒಂದು ಕಡೆ ನಿಂತು ಕೇಳುವ ಪ್ರಶ್ನೆ ಇದು: ಇಷ್ಟು ದೊಡ್ಡ ಕಲ್ಲನ್ನು ಹೇಗೆ ಒಡೆದರು, ಹೇಗೆ ತಂದರು, ಹೇಗೆ ಮೇಲೆ ಏರಿಸಿದರು? ಮೊಬೈಲಿನಲ್ಲಿ ಬರುವ ವಿಡಿಯೋಗಳು ಇದಕ್ಕೆ ಸಲೀಸಾಗಿ ಉತ್ತರ ಕೊಟ್ಟುಬಿಡುತ್ತವೆ. ಬೇರೆ ಲೋಕದವರು ಬಂದಿದ್ದರಂತೆ. ಕಲ್ಲನ್ನು ಕರಗಿಸಿ ಅಚ್ಚಿಗೆ ಹೊಯ್ದರಂತೆ. ಈಗ ಕಳೆದುಹೋಗಿರುವ ಯಂತ್ರ ಇತ್ತಂತೆ.

ನಮ್ಮ ಮನೆ ಕಮಲಾಪುರದ ಹತ್ತಿರ. ಅಪ್ಪ, ದೊಡ್ಡಪ್ಪ ಇಬ್ಬರೂ ಕಲ್ಲು ಒಡೆದು ಸಂಸಾರ ನಡೆಸಿದವರು. ನಾನು ಹೊಸಪೇಟೆಯಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಅಂಥ ವಿಡಿಯೋ ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಯಾಕೆಂದರೆ ಹಂಪಿಯಲ್ಲಿ ಕೆಲಸ ಮಾಡಿದವರು ತಮ್ಮ ಗುರುತನ್ನು ಕಲ್ಲಿನ ಮೇಲೆಯೇ ಬಿಟ್ಟುಹೋಗಿದ್ದಾರೆ. ಬೆಣೆಯ ಗುಳಿ, ಉಳಿಯ ಗೀರು, ಜೋಡಿಸಲು ಬರೆದುಕೊಂಡ ಅಕ್ಷರ, ಅರ್ಧಕ್ಕೆ ನಿಂತ ಕೆಲಸ, ಎಲ್ಲವೂ ಕಣ್ಣೆದುರೇ ಇವೆ. ಅದನ್ನು ನೋಡಲು ಒಂದು ಕ್ರಮ ಗೊತ್ತಿದ್ದರೆ ಸಾಕು. ನಮ್ಮ ಶಾಲೆಯ ಮಕ್ಕಳಿಗೆ ಹೇಳಿಕೊಡುವ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬರುವ ಮುಂಚೆ

ನವೆಂಬರಿನಿಂದ ಜನವರಿವರೆಗೆ ಬನ್ನಿ. ಬೇಸಿಗೆಯಲ್ಲಿ ಬಂಡೆಗಳ ನಡುವೆ ಮಧ್ಯಾಹ್ನ ಓಡಾಡುವುದು ಕಷ್ಟ. ತಿಂಗಳಿಗಿಂತ ದಿನದ ಹೊತ್ತು ಮುಖ್ಯ. ಬೆಳಗ್ಗೆ ಎಂಟರೊಳಗೆ, ಇಲ್ಲವೇ ಸಂಜೆ ನಾಲ್ಕೂವರೆಯ ಮೇಲೆ ಬಿಸಿಲು ಓರೆಯಾಗಿ ಬೀಳುತ್ತದೆ. ಆಗ ಸಣ್ಣ ಗೀರಿಗೂ ನೆರಳು ಬರುತ್ತದೆ. ನಡು ಮಧ್ಯಾಹ್ನ ಅದೇ ಕಲ್ಲು ಸಪಾಟಾಗಿ ಕಾಣುತ್ತದೆ, ಏನೂ ತಿಳಿಯುವುದಿಲ್ಲ. ಮಂಟಪದ ಒಳಗೆ ನೋಡಲು ಒಂದು ಟಾರ್ಚು ಇರಲಿ. ಬೆಳಕನ್ನು ನೇರಕ್ಕೆ ಬಿಡಬೇಡಿ, ಕಲ್ಲಿಗೆ ಒತ್ತಿ ಪಕ್ಕದಿಂದ ಬಿಡಿ.

ಐದು ಮೀಟರಿನ ಟೇಪು, ನೋಟ್‌ಬುಕ್ಕು, ಪೆನ್ಸಿಲ್ಲು, ನೀರು, ಟೋಪಿ ತನ್ನಿ. ಟೇಪಿನಲ್ಲಿ ಅಡಿ, ಮೀಟರು ಎರಡೂ ಇರಲಿ. ಸೀಮೆಸುಣ್ಣ, ಚಾಕು, ತಂತಿ ಬ್ರಷ್ಷು ತರಬೇಡಿ. ಅಕ್ಷರ ಚೆನ್ನಾಗಿ ಕಾಣಲಿ ಅಂತ ಕೆಲವರು ಸುಣ್ಣ ಉಜ್ಜುತ್ತಾರೆ, ನೀರು ಸುರಿಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇದು 1986ರಿಂದ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಜಾಗ, ಕಾನೂನಿನ ರಕ್ಷಣೆಯೂ ಇದೆ. ಅದಕ್ಕಿಂತ ಹೆಚ್ಚಾಗಿ, ನಿಮ್ಮ ನಂತರ ಬರುವವರೂ ಅದೇ ಗೀರನ್ನು ನೋಡಬೇಕಲ್ವಾ?

ಮೊದಲು ಕಟ್ಟಡ ಬಿಡಿ, ಬಂಡೆ ನೋಡಿ

ಹೇಮಕೂಟ ಹತ್ತಿ ಸುತ್ತ ನೋಡಿ. ಗುಂಡಿನ ಮೇಲೆ ಗುಂಡು, ಯಾರೋ ಎತ್ತಿ ಇಟ್ಟಂತೆ ಕಾಣುತ್ತದೆ. ವಾಲಿ ಸುಗ್ರೀವರು ಜಗಳದಲ್ಲಿ ಎಸೆದ ಬಂಡೆಗಳು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಇದು ಕಿಷ್ಕಿಂಧೆಯ ನೆಲ, ಆ ಕಥೆ ಇಲ್ಲಿ ಹುಟ್ಟದೆ ಇನ್ನೆಲ್ಲಿ ಹುಟ್ಟಬೇಕು! ಆದರೆ ಕಲ್ಲು ಓದುವಾಗ ತಿಳಿದಿರಬೇಕಾದ್ದು ಬೇರೆ. ಈ ಗ್ರಾನೈಟಿನ ವಯಸ್ಸು ಸುಮಾರು 250 ಕೋಟಿ ವರ್ಷ. ಒಂದೇ ಬಂಡೆಯಾಗಿದ್ದ ಇದರಲ್ಲಿ ಅಡ್ಡ, ಉದ್ದ ಬಿರುಕುಗಳಿದ್ದವು. ಆ ಬಿರುಕಿನೊಳಗೆ ನೀರು ಇಳಿದು, ಕಲ್ಲು ಅಂಚಿನಿಂದ ಕೊಳೆತು ಮಣ್ಣಾಗುತ್ತ ಬಂತು. ಮಣ್ಣು ತೊಳೆದುಹೋಯಿತು. ಕೊಳೆಯದ ತಿರುಳು ಗುಂಡಾಗಿ, ಇದ್ದಲ್ಲೇ ಒಂದರ ಮೇಲೊಂದು ಉಳಿಯಿತು.

ಇದರಿಂದ ಕೆಲಸದವರಿಗೆ ದೊಡ್ಡ ಅನುಕೂಲ ಆಯಿತು. ಕಲ್ಲನ್ನು ನೆಲದ ಆಳದಿಂದ ಅಗೆದು ತೆಗೆಯಬೇಕಿಲ್ಲ. ಆಗಲೇ ಬಿಡಿಬಿಡಿಯಾದ ಬಂಡೆ ಮೇಲೆಯೇ ಇದೆ. ಎಷ್ಟೋ ಕಡೆ ಗುಡಿ ಕಟ್ಟುವ ಜಾಗಕ್ಕಿಂತ ಎತ್ತರದಲ್ಲಿದೆ, ಅಂದರೆ ಇಳಿಸಿದರೆ ಸಾಕು. ವಿಜಯನಗರದವರು 1336ರಿಂದ ಮುಂದೆ ಇಷ್ಟು ಬೇಗ ಇಷ್ಟು ದೊಡ್ಡ ಊರು ಕಟ್ಟಿದ್ದರಲ್ಲಿ ಈ ನೆಲದ ಪಾಲು ಬಹಳ ಇದೆ.

ಕಲ್ಲು ಬಂದಿತೋ, ಕೆಲಸದವರೇ ಬಂದರೋ?

ದೊಡ್ಡ ವಿಗ್ರಹ ಕಂಡ ಕೂಡಲೇ ಈ ಪ್ರಶ್ನೆ ಕೇಳಿ. ಅರ್ಧ ಗೊಂದಲ ಇಲ್ಲೇ ಕರಗುತ್ತದೆ.

ಉಗ್ರ ನರಸಿಂಹನ ಎತ್ತರ 6.7 ಮೀಟರು, ಅಂದರೆ 22 ಅಡಿ. ಕೃಷ್ಣದೇವರಾಯನ ಕಾಲದಲ್ಲಿ, 1528ರಲ್ಲಿ ಮಾಡಿದ್ದು. ಇಷ್ಟು ಭಾರವನ್ನು ಹೇಗೆ ತಂದರು ಎಂದು ಎಲ್ಲರೂ ಕೇಳುತ್ತಾರೆ. ತರಲಿಲ್ಲ. ಅಲ್ಲೇ ಇದ್ದ ಬಂಡೆಯನ್ನು ಕೆತ್ತಿದರು. ಪಕ್ಕದ ಬಡವಿಲಿಂಗವೂ ಹಾಗೆಯೇ. ಸುಮಾರು ಮೂರು ಮೀಟರಿನ ಲಿಂಗ, ಅದರ ಬುಡಕ್ಕೆ ಕಾಲುವೆಯ ನೀರು ಬರುವಂತೆ ಮಾಡಿದ್ದಾರೆ. ಹೇಮಕೂಟದ ಇಳಿಜಾರಿನಲ್ಲಿರುವ ಕಡಲೆಕಾಳು ಗಣೇಶ, ಸಾಸಿವೆಕಾಳು ಗಣೇಶ ಕೂಡ ಬಂಡೆ ಇದ್ದಲ್ಲೇ ಆದ ಮೂರ್ತಿಗಳು. ಅಲ್ಲಿ ಮೊದಲು ದೇವರು, ಆಮೇಲೆ ಸುತ್ತ ಗುಡಿ. ಕಡಲೆಕಾಳು ಗಣೇಶನ ಗರ್ಭಗುಡಿಯ ಬಾಗಿಲು ನೋಡಿ. ಅಷ್ಟು ದೊಡ್ಡ ಮೂರ್ತಿ ಆ ಬಾಗಿಲಲ್ಲಿ ಹೋಗುವುದಿಲ್ಲ. ಮಕ್ಕಳು ಇದನ್ನು ತಾವಾಗಿಯೇ ಕಂಡುಹಿಡಿದಾಗ ಅವರ ಮುಖ ನೋಡಬೇಕು.

ಹಾಗಂತ ದೊಡ್ಡ ಕಲ್ಲನ್ನು ಸಾಗಿಸಲು ಬರುತ್ತಿರಲಿಲ್ಲ ಅಂತ ಅಲ್ಲ. ಕಾರ್ಕಳದ ಗೊಮ್ಮಟ 42 ಅಡಿ, 1432ರಲ್ಲಿ ನಿಲ್ಲಿಸಿದ್ದು. ಅದನ್ನು ಬೇರೆ ಕಡೆ ಕೆತ್ತಿ, ಬಂಡಿಗಳ ಮೇಲಿಟ್ಟು, ಜನ ಹಗ್ಗ ಹಿಡಿದು ಬೆಟ್ಟಕ್ಕೆ ಎಳೆದರು ಎಂದು ಹಳೆಯ ಕನ್ನಡ ಕಾವ್ಯದಲ್ಲಿ ವರ್ಣನೆ ಇದೆ. ನಮ್ಮ ಕಾಲದ್ದೇ ಉದಾಹರಣೆ ಬೇಕೆಂದರೆ ಧರ್ಮಸ್ಥಳದ 39 ಅಡಿ ಬಾಹುಬಲಿ. ಶಿಲ್ಪಿ ರೆಂಜಾಳ ಗೋಪಾಲಕೃಷ್ಣ ಶೆಣೈ ಅದನ್ನು ಕಾರ್ಕಳದಲ್ಲಿ ಕೆತ್ತಿದರು. 1970ರ ದಶಕದಲ್ಲಿ ನೂರಾರು ಟನ್ ಹೊರುವ ಟ್ರಾಲಿಯಲ್ಲಿ ಧರ್ಮಸ್ಥಳಕ್ಕೆ ತಂದರು. ಪ್ರತಿಷ್ಠೆ ಆದದ್ದು 1982ರಲ್ಲಿ.

ಬೆಣೆಯ ಗುಳಿ

ಇಲ್ಲಿ ನಿಧಾನ ಮಾಡಿ. ನನಗೆ ಇಡೀ ಹಂಪಿಯಲ್ಲಿ ಹೆಚ್ಚು ಪ್ರೀತಿ ಇರುವುದು ಈ ಗುಳಿಗಳ ಮೇಲೆ.

ವಿರೂಪಾಕ್ಷ ಬಜಾರಿನ ಸಾಲು ಮಂಟಪಗಳಿಗೆ ಹೋಗಿ. ಅಲ್ಲಿನ ಕಂಬಗಳು ಒರಟು. ಅಂಗಡಿ ಸಾಲಿಗೆ ಇಷ್ಟು ಸಾಕು ಎಂದು ನಯ ಮಾಡದೆ ಬಿಟ್ಟಿದ್ದಾರೆ. ಅದರಿಂದಲೇ ನಮಗೆ ಲಾಭ. ಕಂಬದ ಅಂಚಿನ ಮೇಲೆ ಕಣ್ಣು ಹಾಯಿಸಿ. ಸಾಲಾಗಿ, ಹೆಚ್ಚುಕಡಿಮೆ ಸಮ ಅಂತರದಲ್ಲಿ, ಚೌಕನೆಯ ಕಚ್ಚುಗಳು ಕಾಣುತ್ತವೆ. ಅವು ಅರ್ಧ ಗುಳಿಗಳು. ಉಳಿದ ಅರ್ಧ ಬೇರೊಂದು ಕಂಬದ ಮೇಲೋ, ಗುಡ್ಡದ ಬಂಡೆಯ ಮೇಲೋ ಇದೆ. ಅಲ್ಲಿಂದ ಹೊಳೆಯ ದಂಡೆ ಹಿಡಿದು ವಿಠ್ಠಲ ಗುಡಿಯ ಕಡೆ ನಡೆಯಿರಿ. ದಾರಿಯುದ್ದಕ್ಕೂ ಬಂಡೆಗಳ ಮೇಲೆ ಅದೇ ಸಾಲು. ಕೆಲವು ಕಡೆ ಗುಳಿ ಹೊಡೆದಿದ್ದಾರೆ, ಬಂಡೆ ಸೀಳಿಲ್ಲ. ಕೆಲವು ಕಡೆ ಸೀಳಿದೆ, ಒಂದು ಹೋಳು ಹೋಗಿದೆ, ಇನ್ನೊಂದು ಕೂತಿದೆ.

ಕೆಲಸ ನಡೆಯುವುದು ಹೀಗೆ. ಮೊದಲು ಬಂಡೆಯ ಮೇಲೆ ಗೆರೆ ಹಾಕಬೇಕು. ಅಪ್ಪ ದಾರಕ್ಕೆ ಕೆಮ್ಮಣ್ಣು ಹಚ್ಚಿ, ಎಳೆದು ಹಿಡಿದು, ಚಟ್ಟಂತ ಮೀಟುತ್ತಿದ್ದ. ನೇರ ಗೆರೆ ಬೀಳುತ್ತಿತ್ತು. ಆ ಗೆರೆಯುದ್ದಕ್ಕೆ ಉಳಿಯಿಂದ ಗುಳಿ ತೋಡುವುದು. ಪ್ರತಿ ಗುಳಿಯಲ್ಲೂ ಕಬ್ಬಿಣದ ಬೆಣೆ ಇಡುವುದು. ಆಮೇಲೆ ಸಮ್ಮಟಿಗೆಯಿಂದ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೊಂದು ಏಟು. ಮತ್ತೆ ಮೊದಲಿನಿಂದ ಒಂದೊಂದು. "ಒಂದ ಬೆಣೆ ಮ್ಯಾಲೆ ಸಿಟ್ಟು ತೀರಿಸಬ್ಯಾಡ, ಎಲ್ಲಕ್ಕೂ ಸಮ ಹೊಡಿ" ಅಂತ ದೊಡ್ಡಪ್ಪ ಹೊಸಬರಿಗೆ ಹೇಳುತ್ತಿದ್ದ. ಒಂದಕ್ಕೇ ಜೋರಾಗಿ ಹೊಡೆದರೆ ಬಿರುಕು ಗೆರೆ ಬಿಟ್ಟು ಅಡ್ಡ ಹೋಗುತ್ತದೆ, ಕಲ್ಲು ಹಾಳು. ಹೊಡೆಯುತ್ತ ಹೋದಂತೆ ಏಟಿನ ಸದ್ದು ಬದಲಾಗುತ್ತದೆ. ಆಗ ಕೈ ನಿಲ್ಲಿಸಿ ಸ್ವಲ್ಪ ಹೊತ್ತು ಬಿಡಬೇಕು. ಬಿರುಕು ಒಳಗೊಳಗೇ ಇಳಿಯುತ್ತಿರುತ್ತದೆ. ಮತ್ತೆ ಎರಡು ಸುತ್ತು ಹೊಡೆದರೆ ಬಂಡೆ ಎರಡಾಗುತ್ತದೆ.

ಗ್ರಾನೈಟಿಗೆ ಒತ್ತಡ ತಡೆಯುವ ಶಕ್ತಿ ಬಹಳ, ಎಳೆತ ತಡೆಯುವ ಶಕ್ತಿ ಬಹಳ ಕಡಿಮೆ. ಬೆಣೆ ಮಾಡುವುದು ಎಳೆತದ ಕೆಲಸ, ಎರಡು ಕಡೆಗೆ ದೂಡುತ್ತದೆ. ಅದರ ಜೊತೆ ಸಾಮಾನ್ಯವಾಗಿ ಗ್ರಾನೈಟಿಗೆ ಸುಲಭವಾಗಿ ಸೀಳುವ ಒಂದು ದಿಕ್ಕು ಇರುತ್ತದೆ. ಅದನ್ನು ಕಣ್ಣಿನಲ್ಲೇ ಗುರುತಿಸುವವನು ಒಳ್ಳೆಯ ಕೆಲಸಗಾರ. ಆದ್ದರಿಂದ ಗುಳಿ ಆಳ ಇರಬೇಕಾಗಿಲ್ಲ. ಇಷ್ಟು ಸಣ್ಣ ಗುಳಿಯಿಂದ ಇಷ್ಟು ದೊಡ್ಡ ಬಂಡೆ ಸೀಳಲು ಸಾಧ್ಯವೇ ಎಂದು ಬೆರಗಾಗುವವರು ಈ ಮಾತನ್ನು ನೆನಪಿಡಬೇಕು.

ಒಣ ಮರದ ಬೆಣೆ ಹೊಡೆದು, ನೀರು ಹಾಕಿ, ಮರ ಉಬ್ಬಿ ಬಂಡೆ ಒಡೆಯುತ್ತಿತ್ತು ಎಂದು ಗೈಡುಗಳು ಹೇಳುವುದನ್ನು ಕೇಳಿರುತ್ತೀರಿ. ಕೇಳಲು ಚೆಂದ. ನಾನು ಮಾತ್ರ ಕಬ್ಬಿಣದ ಪರ. ಗುಳಿಯ ಅಳತೆ ತೆಗೆಯಿರಿ. ಬಾಯಿ ಸಣ್ಣದು, ಆಳ ಕಡಿಮೆ, ಕೆಳಗೆ ಹೋದಂತೆ ಕಿರಿದು. ಕಬ್ಬಿಣದ ಬೆಣೆಗೆ ಹೇಳಿ ಮಾಡಿಸಿದ ಆಕಾರ ಅದು. ಮರ ಉಬ್ಬಿ ಬಲ ತೋರಿಸಬೇಕಾದರೆ ಇನ್ನೂ ದೊಡ್ಡ, ಆಳದ ಗುಳಿ ಬೇಕು. ಇನ್ನು ಕಬ್ಬಿಣಕ್ಕೆ ಬರಗಾಲವೇ? ಹೊಸಪೇಟೆ, ಸಂಡೂರಿನ ಬೆಟ್ಟದ ತುಂಬ ಅದಿರು.

ಬೆಂಕಿಯ ದಾರಿಯೂ ಇತ್ತು. ಬಂಡೆಯ ಮೇಲೆ ಸೌದೆ ಉರಿಸಿ, ಉರಿಯನ್ನು ನಿಧಾನವಾಗಿ ಮುಂದೆ ಸರಿಸುತ್ತ ಹೋದರೆ ಮೇಲಿನ ಪದರ ಕಾದು ಉಬ್ಬಿ, ಕೆಳಗಿನಿಂದ ಬಿಟ್ಟುಕೊಳ್ಳುತ್ತದೆ. ದೊಡ್ಡ ದೊಡ್ಡ ಚಪ್ಪಡಿ ಹೀಗೆ ಎಬ್ಬಿಸುತ್ತಿದ್ದರು. ಬೆಂಗಳೂರಿನ ಸುತ್ತ 19ನೇ ಶತಮಾನದ ಕೊನೆಯಲ್ಲೂ ಈ ಕೆಲಸ ನಡೆಯುತ್ತಿದ್ದುದು ದಾಖಲಾಗಿದೆ.

ಗುಳಿ ಕಂಡ ಕೂಡಲೇ ವಿಜಯನಗರ ಎಂದು ಬರೆದುಕೊಳ್ಳಬೇಡಿ. ಉದ್ದುದ್ದ, ನುಣುಪಾದ ಅರ್ಧ ಕೊಳವೆಯಂಥ ಗೀರು ಇದ್ದರೆ ಅದು ಡ್ರಿಲ್ಲಿಂಗ್ ಮೆಷಿನ್ನಿನ ಗುರುತು, ಈಚಿನದು. ಹಾಸುಬಂಡೆಯ ಮೇಲೆ ನಾಲ್ಕು ಮೂಲೆಗೆ ನಾಲ್ಕು ಕುಳಿ ಇದ್ದರೆ ಚಪ್ಪರದ ಗೂಟ ನೆಟ್ಟ ಜಾಗ. ದುಂಡಗೆ, ಒಳಗೆ ನುಣ್ಣಗೆ ಸವೆದಿದ್ದರೆ ಒರಳು. ಬೆಣೆಯ ಗುಳಿ ಯಾವತ್ತೂ ಸಾಲಿನಲ್ಲಿ ಇರುತ್ತದೆ. ಒಂಟಿಯಾಗಿ ಇರುವುದಿಲ್ಲ.

ತೂಕ ಹಾಕಿ

ಕಣ್ಣಳತೆಯಲ್ಲಿ "ನೂರು ಟನ್ ಇರಬೇಕು" ಎನ್ನುವವರೇ ಜಾಸ್ತಿ. ಲೆಕ್ಕ ಬಹಳ ಸುಲಭ. ಒಂದು ಘನ ಅಡಿ ಗ್ರಾನೈಟು ಸುಮಾರು 75 ಕಿಲೋ. ಮೀಟರಿನಲ್ಲಾದರೆ ಒಂದು ಘನ ಮೀಟರು ಸುಮಾರು 2.65 ಟನ್. ಉದ್ದ, ಅಗಲ, ದಪ್ಪ ಗುಣಿಸಿ, 75ರಿಂದ ಮತ್ತೆ ಗುಣಿಸಿ.

ಒಂದು ಬಜಾರು ಕಂಬ 10 ಅಡಿ ಉದ್ದ, ಒಂದೂವರೆ ಅಡಿ ಚೌಕ ಎಂದಿಟ್ಟುಕೊಳ್ಳಿ. 22.5 ಘನ ಅಡಿ ಆಯಿತು. ತೂಕ ಸುಮಾರು 1,700 ಕಿಲೋ. ಒಬ್ಬ ಆಳು 40 ಕಿಲೋ ಹೊರುತ್ತಾನೆ ಎಂದರೂ ಇದನ್ನು ಹೆಗಲ ಮೇಲೆ ಒಯ್ಯಲು ನಲವತ್ತಕ್ಕೂ ಹೆಚ್ಚು ಜನ ಬೇಕು. ಆದರೆ ಯಾರೂ ಹಾಗೆ ಹೊರುವುದಿಲ್ಲ. ಹಾರೆ ಹಾಕುತ್ತಾರೆ. ಆರು ಅಡಿ ಹಾರೆ ತೆಗೆದುಕೊಳ್ಳಿ. ತುದಿಯಿಂದ ಅರ್ಧ ಅಡಿಗೆ ಒಂದು ಕಲ್ಲು ಇಟ್ಟು ಮೀಟಿ. ಹಿಡಿಯುವ ಕಡೆ ಐದೂವರೆ ಅಡಿ, ಎತ್ತುವ ಕಡೆ ಅರ್ಧ ಅಡಿ. ಹನ್ನೊಂದು ಪಟ್ಟು ಬಲ. 40 ಕಿಲೋ ಭಾರ ಹಾಕಿ ಒತ್ತಿದರೆ 440 ಕಿಲೋ ಏಳುತ್ತದೆ. ಕಂಬದ ಒಂದು ತುದಿ ಮಾತ್ರ ಎತ್ತುವುದರಿಂದ ಅರ್ಧ ತೂಕ, 850 ಕಿಲೋ. ಅಂದರೆ ಎರಡು ಹಾರೆ, ಇಬ್ಬರು ಆಳು! ಒಬ್ಬ ಕೆಳಗೆ ಕಲ್ಲು ತುರುಕುತ್ತಾನೆ. ಆಮೇಲೆ ಇನ್ನೊಂದು ತುದಿ. ಹೀಗೆ ಬೆರಳೆರಡು ಬೆರಳು ಏರಿಸುತ್ತ ಹೋಗುವುದು.

ಈ ಲೆಕ್ಕ ಮಾಡಿಸಿದಾಗ ಒಬ್ಬ ಹುಡುಗಿ ಕೇಳಿದಳು, "ಮಿಸ್, ಹಂಗಾದ್ರೆ ಟೈಮು ಎಷ್ಟು ಬೇಕು?" ಸರಿಯಾದ ಪ್ರಶ್ನೆ. ಬಲದಲ್ಲಿ ಉಳಿಸಿದ್ದನ್ನು ಹೊತ್ತಿನಲ್ಲಿ ಕೊಡಬೇಕು. ವಿಜಯನಗರದ ಅರಸರ ಹತ್ತಿರ ಜನರೂ ಇದ್ದರು, ಆನೆಗಳೂ ಇದ್ದವು. 1520ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯಸ್ ಒಂದು ಕೆರೆ ಕೆಲಸ ನೋಡಿ, ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ಕಾಣುತ್ತಿದ್ದರು ಎಂದು ಬರೆದಿದ್ದಾನೆ. ಅದು ಒಂದೇ ಕೆರೆಗೆ. ನೀವು ಆಳುಗಳ ಲೆಕ್ಕ ಹಾಕುವಾಗ ಒಡೆಯುವವರನ್ನು, ಎಳೆಯುವವರನ್ನು ಮಾತ್ರ ಎಣಿಸಬೇಡಿ. ಗ್ರಾನೈಟಿನ ಮೇಲೆ ಉಳಿ ಬೇಗ ಮೊಂಡಾಗುತ್ತದೆ. ಅಮ್ಮ ದಿನಾ ಮೊಂಡ ಉಳಿಗಳನ್ನು ಬುಟ್ಟಿಯಲ್ಲಿ ಕುಲುಮೆಗೆ ಹೊತ್ತು, ಹದ ಮಾಡಿಸಿ ತರುತ್ತಿದ್ದಳು. ಕಮ್ಮಾರ, ಹಗ್ಗ ಹೊಸೆಯುವವರು, ಇದ್ದಿಲು ಸುಡುವವರು, ಗಂಜಿ ಕಾಯಿಸುವವರು, ನೀರು ಹೊರುವ ಹೆಂಗಸರು, ಇವರೆಲ್ಲ ಸೇರಿದರೆ ಮಾತ್ರ ಒಂದು ಕಂಬ.

ತೊಲೆ ಮೇಲೇರಿಸಲು ಮಣ್ಣಿನ ಇಳಿಜಾರು ಏರಿ ಹಾಕುವ ಪದ್ಧತಿ. ಮರದ ದಿಮ್ಮಿಗಳ ಮೇಲೆ ಉರುಳಿಸುತ್ತ ಹಗ್ಗದಿಂದ ಎಳೆಯುತ್ತಾರೆ. ನಾನು ಚಿಕ್ಕವಳಿದ್ದಾಗ ಊರಿನ ಗುಡಿಗೆ ಚಪ್ಪಡಿ ಹೊದಿಸಿದ್ದು ಹೀಗೆಯೇ. ಕೆಲಸ ಮುಗಿದ ಮೇಲೆ ಆ ಮಣ್ಣನ್ನು ಎತ್ತಿ ಪಕ್ಕದ ಹೊಲಕ್ಕೆ ಹಾಕಿದರು. ಏರಿಯ ಗುರುತು ಯಾಕೆ ಉಳಿಯುವುದಿಲ್ಲ ಎನ್ನುವುದಕ್ಕೂ ಇದೇ ಉತ್ತರ.

ಎಲ್ಲಿ ಕಲ್ಲು ನಿಲ್ಲಿಸಿದರು ಎಂದೂ ನೋಡಿ

ವಿರೂಪಾಕ್ಷದ ದೊಡ್ಡ ಗೋಪುರ ಸುಮಾರು 50 ಮೀಟರು. ಅಷ್ಟೂ ಕಲ್ಲು ಎಂದುಕೊಂಡರೆ ತಲೆ ತಿರುಗುತ್ತದೆ. ಕೆಳಗಿನ ಭಾಗ ಮಾತ್ರ ಕಲ್ಲು. ಮೇಲೆ ಇಟ್ಟಿಗೆ, ಸುಣ್ಣದ ಗಾರೆ. ಭಾರ ಎಲ್ಲಿ ಬೇಕು, ಎಲ್ಲಿ ಬೇಡ ಎಂದು ಕಟ್ಟಿದವರಿಗೆ ಚೆನ್ನಾಗಿ ಗೊತ್ತಿತ್ತು.

ಅದೇ ಜಾಣತನ ಮಂಟಪದ ಒಳಗೂ ಇದೆ. ಎರಡು ಕಂಬದ ನಡುವಿನ ಅಂತರ ಅಳೆಯಿರಿ, ಮೇಲಿನ ತೊಲೆಯ ದಪ್ಪ ಅಂದಾಜು ಮಾಡಿ. ಅಂತರ ಜಾಸ್ತಿ ಇರುವಲ್ಲಿ ತೊಲೆ ದಪ್ಪ ಇರುತ್ತದೆ. ದಪ್ಪ ಎರಡು ಪಟ್ಟಾದರೆ ತೂಕ ಎರಡು ಪಟ್ಟು, ಮುರಿಯದೆ ತಡೆಯುವ ಶಕ್ತಿ ನಾಲ್ಕು ಪಟ್ಟು. ಕಂಬದ ತಲೆಯ ಮೇಲೆ ಎರಡೂ ಕಡೆ ಚಾಚಿದ ಬೋದಿಗೆ ಚೆಂದಕ್ಕೆ ಮಾತ್ರ ಇಟ್ಟದ್ದಲ್ಲ. ಅದು ಚಾಚಿದಷ್ಟೂ ತೊಲೆ ದಾಟಬೇಕಾದ ದೂರ ಕಡಿಮೆ ಆಗುತ್ತದೆ.

ಇಷ್ಟೆಲ್ಲ ನಿಂತಿರುವುದು ಬಹುಪಾಲು ಗಾರೆಯಿಲ್ಲದೆ, ತನ್ನ ಭಾರದಿಂದಲೇ. ಕಂಬಕ್ಕೆ ಒರಗಬೇಡಿ ಎಂದು ನಾನು ಮಕ್ಕಳನ್ನು ಗದರುವುದು ಇದಕ್ಕೆ. 2019ರಲ್ಲಿ ಕೆಲವು ಯುವಕರು ಇಲ್ಲಿನ ಪಾಳು ಗುಡಿಯೊಂದರ ಕಂಬವನ್ನು ದೂಡಿ ಬೀಳಿಸಿದ ವಿಡಿಯೋ ನೀವೂ ನೋಡಿರಬಹುದು. ಮೇಲಿನ ತೊಲೆ ಹೋದ ಕಂಬಕ್ಕೆ ಹಿಡಿತವೇ ಇರುವುದಿಲ್ಲ. ನ್ಯಾಯಾಲಯ ಅವರಿಗೆ ತಲಾ 70,000 ರೂಪಾಯಿ ದಂಡ ಹಾಕಿತು, ಬಿದ್ದ ಕಂಬವನ್ನು ಅವರ ಕೈಯಲ್ಲೇ ನಿಲ್ಲಿಸಿತು. ಆ ದೃಶ್ಯ ನೋಡಿ ನನಗೆ ಅಳು ಬಂದಿತ್ತು.

ವಿಠ್ಠಲ ಗುಡಿಯಲ್ಲಿ

50 ರೂಪಾಯಿ ನೋಟು ತೆಗೆದು ಕೈಯಲ್ಲಿ ಹಿಡಿಯಿರಿ. ಎದುರಿಗೆ ಅದೇ ಕಲ್ಲಿನ ರಥ. ಇದನ್ನು ಒಂದೇ ಕಲ್ಲಿನದು ಎಂದು ಎಷ್ಟೋ ಜನ ಹೇಳುತ್ತಾರೆ. ಅಲ್ಲ. ಇದು ಗರುಡನ ಗುಡಿ, ಹಲವು ಕಲ್ಲುಗಳನ್ನು ಜೋಡಿಸಿ ಕಟ್ಟಿದ್ದು. ಬೆಳಗಿನ ಓರೆ ಬೆಳಕಿನಲ್ಲಿ ಪೀಠದ ಪಟ್ಟಿಕೆಗಳನ್ನು ಹಿಂಬಾಲಿಸಿ ನೋಡಿ. ಕೆತ್ತನೆಯ ಗೆರೆ ಎಲ್ಲಿ ಬೀಳುತ್ತದೋ ಅಲ್ಲೇ ಜೋಡಣೆಯನ್ನೂ ಅಡಗಿಸಿದ್ದಾರೆ. ನನ್ನ ಪ್ರಕಾರ ಒಂದೇ ಬಂಡೆ ಕೆತ್ತುವುದಕ್ಕಿಂತ ಇದು ಕಷ್ಟದ ಕೆಲಸ. ಎದುರಿನ ಆನೆಗಳನ್ನೂ ಗಮನಿಸಿ. ಅವು ಮೊದಲಿನಿಂದ ಅಲ್ಲಿದ್ದವಲ್ಲ, ಮೊದಲು ಕುದುರೆಗಳಿದ್ದವು. ಆನೆಗಳ ಹಿಂದೆ ಕುದುರೆಯ ಹಿಂಗಾಲು, ಬಾಲ ಈಗಲೂ ಕಾಣುತ್ತವೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಫೋಟೋದಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರವೂ ಇದೆ. ಆ ಫೋಟೋ ಫೋನಿನಲ್ಲಿ ಇಟ್ಟುಕೊಂಡು ಹೋಗಿ, ಅದೇ ಜಾಗದಲ್ಲಿ ನಿಂತು ಹೋಲಿಸಿ. ಯಾವ ಕಲ್ಲು ಇತ್ತು, ಯಾವುದು ಹೋಯಿತು, ಯಾವುದನ್ನು ಆಮೇಲೆ ಇಟ್ಟರು ಎನ್ನುವುದು ತಿಳಿಯುತ್ತದೆ.

ಸ್ವರ ಹೊಮ್ಮಿಸುವ ಕಂಬಗಳ ಬಗ್ಗೆ ಬಹಳ ಮಾತು. ಒಳಗೆ ಟೊಳ್ಳು ಮಾಡಿದ್ದಾರೆ ಎಂದು ಕೆಲವರು, ಲೋಹ ತುಂಬಿದ್ದಾರೆ ಎಂದು ಕೆಲವರು. ಕಲ್ಪಾಕ್ಕಂನ ಇಂದಿರಾ ಗಾಂಧಿ ಪರಮಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಕಲ್ಲಿಗೆ ಏನೂ ಹಾನಿಯಾಗದಂತೆ ಪರೀಕ್ಷೆ ಮಾಡಿ, ಅವು ಗಟ್ಟಿ ಕಲ್ಲೇ ಎಂದು ತೋರಿಸಿದರು. ಒಂದೇ ಬಂಡೆಯಲ್ಲಿ ದೊಡ್ಡ ಕಂಬದ ಸುತ್ತ ತೆಳ್ಳನೆಯ ಕಡ್ಡಿಕಂಬಗಳನ್ನು ಬಿಡಿಸಿದ್ದಾರೆ. ತಟ್ಟಿದರೆ ಆ ಸಣ್ಣ ಕಂಬ ಸ್ವಲ್ಪವೇ ಬಾಗಿ ನಡುಗುತ್ತದೆ, ಅದೇ ಸ್ವರ. ಉದ್ದ, ದಪ್ಪ ಬದಲಾದರೆ ಸ್ವರವೂ ಬದಲಾಗುತ್ತದೆ. ಗ್ರಾನೈಟಿನಲ್ಲಿ ಅಷ್ಟು ತೆಳ್ಳಗೆ, ಎರಡು ತುದಿಯೂ ಕೂಡಿರುವಂತೆ, ಮುರಿಯದೆ ಬಿಡಿಸುವುದಿದೆಯಲ್ಲ, ಬೆರಗು ಪಡಬೇಕಾದ್ದು ಅದಕ್ಕೆ. ತಟ್ಟಿ ನೋಡಬೇಡಿ, ಅದಕ್ಕೆ ನಿಷೇಧ ಇದೆ. ನಿಂತು ನೋಡಿ, ಅಳತೆಗಳನ್ನು ಕಣ್ಣಲ್ಲೇ ಹೋಲಿಸಿ.

ಅಲ್ಲೇ ತೊಲೆಗಳ ಬಿರುಕನ್ನೂ ನೋಡಿ. 1565ರ ಯುದ್ಧದ ನಂತರ ಊರಿಗೆ ಬಿದ್ದ ಬೆಂಕಿಯ ಗುರುತು ಈ ಗುಡಿಯಲ್ಲಿದೆ. ಚಪ್ಪಡಿ ಎಬ್ಬಿಸಲು ನೆರವಾಗುವ ಬೆಂಕಿಯೇ ಕಟ್ಟಿದ ತೊಲೆಯನ್ನು ಸೀಳುತ್ತದೆ. ಒಂದು ಮುಖ ಕಾದು ಹಿಗ್ಗುತ್ತದೆ, ಒಳಗು ತಣ್ಣಗಿರುತ್ತದೆ, ಕಲ್ಲು ಹೆಕ್ಕಳಿಕೆಯಂತೆ ಏಳುತ್ತದೆ. ಮೂಲೆ ಹಾರಿ, ಮೇಲ್ಮೈ ಪದರ ಪದರವಾಗಿ ಎದ್ದಿದ್ದರೆ ಬೆಂಕಿಯನ್ನು ನೆನೆಯಿರಿ. ಚೂಪಾಗಿ, ಒಂದೇ ಏಟಿಗೆ ಹೋದಂತಿದ್ದರೆ ಸುತ್ತಿಗೆಯನ್ನು.

ಹೊರಗಿನಿಂದ ಬಂದ ಕಲ್ಲು

ಬಣ್ಣ ನೋಡಿ. ಸುತ್ತ ಎಲ್ಲ ಬೂದು, ತಿಳಿ ಕೆಂಪು ಗ್ರಾನೈಟು. ನಡುವೆ ಕಪ್ಪು ಕಲ್ಲು, ಹಸಿರು ಛಾಯೆಯ ಕಲ್ಲು ಕಂಡರೆ ಅದಕ್ಕೆ ಬೇರೆ ಕಥೆ ಇದೆ. ಹಜಾರರಾಮ ಗುಡಿಯ ಒಳಗಿನ ನಾಲ್ಕು ಕಪ್ಪು ಕಂಬ ಹಾಗಿನವು. ಅರಮನೆ ಆವರಣದ ಎತ್ತರದ ಕಲ್ಲುಕಟ್ಟೆಯಾದ ಮಹಾನವಮಿ ದಿಬ್ಬದ ಪಶ್ಚಿಮದ ಮುಖಕ್ಕೆ ಆಮೇಲೆ ಹೊದಿಸಿದ ಹಸಿರುಗಪ್ಪು ಕಲ್ಲೂ ಹಾಗೆಯೇ.

ಎಲ್ಲಕ್ಕಿಂತ ಚೆಂದದ್ದು ದಿಬ್ಬದ ಹತ್ತಿರದ ಮೆಟ್ಟಿಲು ಪುಷ್ಕರಣಿ. 1980ರ ದಶಕದ ಉತ್ಖನನದಲ್ಲಿ ಮಣ್ಣಿನಿಂದ ಹೊರಬಂತು. ಸುಮಾರು 22 ಮೀಟರು ಚೌಕ, ಐದು ಹಂತ. ಕಲ್ಲುಗಳ ಮೇಲೆ ಕನ್ನಡ ಅಕ್ಷರ, ಅಂಕಿ ಕೊರೆದಿದ್ದಾರೆ. ಯಾವ ದಿಕ್ಕು, ಯಾವ ಸಾಲು, ಯಾವ ಜಾಗ ಎನ್ನುವ ಗುರುತು. ಅಂದರೆ ಕಲ್ಲುಗಳನ್ನು ಬೇರೆಲ್ಲೋ ಸಿದ್ಧ ಮಾಡಿ, ಗುರುತು ಹಾಕಿ ತಂದು, ಇಲ್ಲಿ ಆ ಗುರುತಿನಂತೆ ಕೂಡಿಸಿದ್ದಾರೆ. ಒಳಗೆ ಇಳಿಯಲು ಬಿಡುವುದಿಲ್ಲ. ಮೇಲಿನಿಂದಲೇ ಫೋನಿನಲ್ಲಿ ಜೂಮ್ ಮಾಡಿ ಫೋಟೋ ತೆಗೆಯಿರಿ, ಆಮೇಲೆ ದೊಡ್ಡದು ಮಾಡಿ ಓದಿ. ಐದು ಶತಮಾನದ ಹಿಂದೆ ಒಬ್ಬ ಕೆಲಸಗಾರ ಇನ್ನೊಬ್ಬ ಕೆಲಸಗಾರನಿಗೆ ಬರೆದ ಸೂಚನೆ, ನಮ್ಮದೇ ಲಿಪಿಯಲ್ಲಿ. ಕರಗಿಸಿ ಹೊಯ್ದ ಕಲ್ಲು ಎನ್ನುವವರನ್ನು ನಾನು ಮೊದಲು ಕರೆದೊಯ್ಯುವುದು ಇಲ್ಲಿಗೆ. ಅಚ್ಚಿಗೆ ಹೊಯ್ದ ಕಲ್ಲಿಗೆ ಸಾಲು ಸಂಖ್ಯೆ ಯಾಕೆ ಬೇಕು?

ಅದೇ ಆವರಣದಲ್ಲಿ ಕಲ್ಲಿನ ಬಾಗಿಲುಗಳಿವೆ. ಮರದ ಬಾಗಿಲಿನ ಪಟ್ಟಿಗಳನ್ನೇ ಕಲ್ಲಿನಲ್ಲಿ ಕೆತ್ತಿದ್ದಾರೆ. ಮೇಲೆ ಕೆಳಗೆ ಉಳಿಸಿದ ಗೂಟ ನೋಡಿ, ಬಾಗಿಲು ತಿರುಗುತ್ತಿದ್ದುದು ಅದರ ಮೇಲೆ. ತೂಕ ನೀವೇ ಹಾಕಿ.

ಕೋಟೆ ಗೋಡೆಗೆ ಮೋಸಹೋಗಬೇಡಿ

ಗೋಡೆಯ ಕಲ್ಲುಗಳು ಎದುರಿನಿಂದ ನೋಡಿದರೆ ಭಯ ಹುಟ್ಟಿಸುತ್ತವೆ. ಒಂದೊಂದರ ಆಕಾರ ಒಂದೊಂದು, ಆದರೂ ಗಾರೆಯಿಲ್ಲದೆ ಬಿಗಿಯಾಗಿ ಕೂತಿವೆ. ಇಲ್ಲಿ ಕಾಣುವ ಮುಖದ ಅಳತೆಯಿಂದ ತೂಕ ಹಾಕಿದರೆ ತಪ್ಪಾಗುತ್ತದೆ. ಗೋಡೆ ಕುಸಿದ ಜಾಗ ಹುಡುಕಿ ಪಕ್ಕದಿಂದ ನೋಡಿ. ಮುಖ ಅಗಲ ಇರುವ ಕಲ್ಲು ಹಿಂದಕ್ಕೆ ಹೋದಂತೆ ಕಿರಿದಾಗುತ್ತದೆ. ಆ ಬಾಲದ ಸುತ್ತ ಮಣ್ಣು, ಚೂರುಗಲ್ಲು ತುಂಬಿದ್ದಾರೆ. ಮುಖವನ್ನು ಮಾತ್ರ ಪಕ್ಕದ ಕಲ್ಲಿಗೆ ಹೊಂದುವಂತೆ ಕೆತ್ತಿದರೆ ಸಾಕು, ಹಿಂದೆ ಹೇಗಿದ್ದರೂ ನಡೆಯುತ್ತದೆ. ಮಳೆನೀರು ಹೋಗಲೂ ಅದರಲ್ಲಿ ದಾರಿ ಇದೆ. 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಕೋಟೆಯ ಹೊರಗೆ ಆಳೆತ್ತರದ ಕಲ್ಲುಗಳನ್ನು ನೆಟ್ಟಿದ್ದನ್ನು ಬರೆದಿದ್ದಾನೆ. ಕುದುರೆ ಸವಾರರು ಒಮ್ಮೆಲೇ ನುಗ್ಗದಂತೆ. ಗಾಣಗಿತ್ತಿ ಗುಡಿ ದಾಟಿ ಭೀಮನ ಬಾಗಿಲಿಗೆ ಹೋದರೆ ಜನ ಹೆಚ್ಚು ಇರುವುದಿಲ್ಲ. ಬಾಗಿಲ ಮೇಲಿನ ಭಾರಿ ಬೋದಿಗೆಗಳನ್ನು ನೋಡಿದರೆ ಊರವರು ಭೀಮನ ಹೆಸರು ಯಾಕೆ ಇಟ್ಟರು ಎಂದು ಕೇಳಬೇಕಾಗಿಲ್ಲ. ಟೇಪು ಹಿಡಿದು ಸಮಾಧಾನವಾಗಿ ಅಳೆಯಲು ಇದೇ ಒಳ್ಳೆಯ ಜಾಗ.

ಬರೆದುಕೊಳ್ಳುವಾಗ ಒಂದು ಕಲ್ಲಿಗೆ ಒಂದು ಪುಟ ಕೊಡಿ. ಎಲ್ಲಿದೆ, ಯಾವ ಬಣ್ಣ, ಅಳತೆ ಎಷ್ಟು, ತೂಕ ಎಷ್ಟು, ಗುಳಿ ಇದೆಯೋ, ಅಕ್ಷರ ಇದೆಯೋ, ಅಂಚು ಹೇಗಿದೆ. ಪಕ್ಕದಲ್ಲಿ ಟೇಪು ಹಿಡಿದು ಒಂದು ಫೋಟೋ ತೆಗೆಯಿರಿ. ಆಮೇಲೆ ಯಾವುದೋ ವಿಡಿಯೋದಲ್ಲಿ ಅದೇ ಕಲ್ಲು ಬಂದಾಗ ನಿಮ್ಮ ಪುಟ ತೆಗೆದು ನೋಡಬಹುದು. ವಿಠ್ಠಲ ಗುಡಿಯಲ್ಲಿ ಕೊಡುವ ಟಿಕೆಟ್ ಎಸೆಯಬೇಡಿ. ಅದೇ ದಿನ ಕಮಲಾಪುರದ ಮ್ಯೂಸಿಯಂ ನೋಡಲೂ ಅದು ನಡೆಯುತ್ತದೆ. ಅಲ್ಲಿ ಇಡೀ ಹಂಪಿಯ ಮಾದರಿ ಇದೆ, ಬೆಟ್ಟ, ಹೊಳೆ, ಗೋಡೆಗಳ ಸಮೇತ. ನೀವು ನೋಡಿದ ಬಂಡೆಯಿಂದ ಗುಡಿಗೆ ಕಲ್ಲು ಯಾವ ದಾರಿಯಲ್ಲಿ ಇಳಿದಿರಬಹುದು ಎಂದು ಅದರ ಮುಂದೆ ನಿಂತು ಯೋಚಿಸಿ. ದಾರಿಯಲ್ಲೆಲ್ಲಾದರೂ ಅಕ್ಷರ ಇರುವ ಬಿಡಿ ಕಲ್ಲು ಸಿಕ್ಕರೆ ಎತ್ತಬೇಡಿ, ತಿರುಗಿಸಬೇಡಿ. ಇದ್ದಲ್ಲೇ ಫೋಟೋ ತೆಗೆದು, ಅಲ್ಲಿನ ಪುರಾತತ್ವ ಇಲಾಖೆಯ ಸಿಬ್ಬಂದಿಗೆ ಜಾಗ ತೋರಿಸಿ ಬನ್ನಿ.